ನನ್ನ ಮಿದುಳು ಓದಿದ ಲೇಬಲ್

ಕಳೆದ ವಾರ ಶಹಾಪುರದಲ್ಲಿ ನನ್ನ ತಲೆಗೊಂದು ತಂತಿಗಳ ಟೋಪಿ ಏರಿತು. (ಕನ್ನಡಿಯಲ್ಲಿ ನೋಡಿಕೊಂಡೆ. ಈ ವಯಸ್ಸಿಗೆ ಒಪ್ಪುವಂಥದ್ದಲ್ಲ.)

ತನ್ನ ಮನೆಗೆ ಕರೆದು ಅದನ್ನು ಹಾಕಿದವಳು ಶಿವಲೀಲಾ, ನನ್ನ ಹಳೆಯ ವಿದ್ಯಾರ್ಥಿನಿ. ವಿಡಿಯೊ ಕೆಳಗೆ ‘ಇದು ಎಐ ಸೃಷ್ಟಿ’ ಎಂಬ ಲೇಬಲ್ ಇದ್ದರೆ ನೋಡುವವರ ಮಿದುಳು ಏನು ಮಾಡುತ್ತದೆ? ಅದು ಅವಳ ಸಂಶೋಧನೆ. ನಾನು ಒಂದಾದ ಮೇಲೊಂದು ವಿಡಿಯೊ ನೋಡಿದೆ. ಲ್ಯಾಪ್‌ಟಾಪಿನಲ್ಲಿ ನನ್ನ ಮಿದುಳಿನ ಗೆರೆಗಳು ಓಡಿದವು.

"ನನ್ನ ತಲಿಯಾಗ ಏನರ ಐತೇನವ್ವ?" ಎಂದು ಕೇಳಿದೆ.

"ಐತ್ರಿ ಸರ್," ನಕ್ಕಳು. "ಲೇಬಲ್ ಬಂದಾಗ ಸಿಗ್ನಲ್ ಬ್ಯಾರೇನ ಐತಿ. ಅಂದ್ರ ಮಿದುಳು ಅದನ್ನ ಗಮನಿಸೇತಿ. ಆದ್ರ ಗಮನಿಸಿದವ್ರು ನಂಬೂದು ಬಿಡತಾರಂತ ಹೇಳಾಕ ಬರಂಗಿಲ್ರಿ."

ನನಗೆ ನಗು ಬರಲಿಲ್ಲ. ಮಲ್ಲಮ್ಮ ನೆನಪಾದಳು.

ಮಲ್ಲಮ್ಮ ಸುರಪುರದ ರಂಗಂಪೇಟೆಯ ನಮ್ಮ ಓಣಿಗೆ ವರ್ಷಗಟ್ಟಲೆ ಹೊಳೆಮೀನು ತಂದವಳು. ಹೋದ ತಿಂಗಳು ಒಂದು ವಿಡಿಯೊ ಬಂತು. ಥೇಟ್ ಅವಳಂಥ ಹೆಂಗಸು ಮೀನಿಗೆ ಎಂಥದೋ ಔಷಧಿ ಹೊಡೆಯುತ್ತಿದ್ದಳು. ಓಣಿಯ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿದೆ. ‘ಹುಷಾರ್’ ಎಂದು ಬೇರೆ ಬರೆದೆ. (ಮಾಸ್ತರ್ ಹಾಕಿದ್ದು ಸುಳ್ಳಿರುತ್ತದೆಯೇ?)

ಮರುದಿನದಿಂದ ಯಾರೂ ಅವಳ ಮೀನು ಮುಟ್ಟಲಿಲ್ಲ. ಅವಳು ಬಂದು ಕೇಳಿದಾಗ ನಾನಂದದ್ದು: "ಕೆಳಗ ಎಐ ಅಂತ ಬರದದ್ದು ನಾ ನೋಡಲಿಲ್ಲವ್ವ."

ಶಿವಲೀಲಾಳ ಮನೆಯಿಂದ ಹೊರಬಂದು ಫೋನಿನಲ್ಲಿ ಆ ವಿಡಿಯೊ ತೆರೆದೆ. ದಪ್ಪ ಅಕ್ಷರದ ಲೇಬಲ್. ಇನ್ನು ಯಾರಿಗೆ ಸುಳ್ಳು ಹೇಳಲಿ? ಅವತ್ತು ನೋಡಿದ್ದೆ. ಓದಿಯೂ ಇದ್ದೆ. ‘ಇರಲಿ, ಜನ ಎಚ್ಚರಾಗಲಿ’ ಎಂದುಕೊಂಡು ಕಳಿಸಿದ್ದೆ.

ಆ ಸಂಜೆಯೇ ಗ್ರೂಪಿನಲ್ಲಿ ತಪ್ಪೊಪ್ಪಿಕೊಂಡೆ. ಎಲ್ಲರೂ ಓದಿದರು. ಒಬ್ಬರು ಕೈಮುಗಿಯುವ ಚಿತ್ರ ಹಾಕಿದರು. ಅಷ್ಟೇ.

ಮರುದಿನ ಸುರಪುರ ಬಸ್‌ಸ್ಟ್ಯಾಂಡಿನಲ್ಲಿ ಮಲ್ಲಮ್ಮ ಸಿಕ್ಕಳು. ಮೀನು ಬಿಟ್ಟಿದ್ದಾಳೆ. ಹುಣಸಗಿ ಕಡೆ ಕೂಲಿಗೆ ಹೊರಟಿದ್ದಳು.

"ಎಐ ಅಂತ ಬರದದ್ದು ಅವತ್ತ ನೋಡಿದ್ದೆ ಮಲ್ಲವ್ವ. ನಿನಗ ಸುಳ್ಳು ಹೇಳಿದೆ. ಗ್ರೂಪಿನ್ಯಾಗ ಎಲ್ಲಾ ಬರದೇನಿ, ಮತ್ತ ಮೀನ ತಗೊಂಡ ಬಾ."

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಓಣ್ಯಾಗಿನ ಮಂದಿ ಇರಲಿ ಮಾಸ್ತರ್ರ. ನಾ ತಂದ್ರ ನೀವರ ತಗೋತೀರೇನ್ರಿ?"

"ತಗೋತೀನವ್ವ," ಎಂದೆ. ಆದರೆ ಹಾಗೆನ್ನುವ ಮೊದಲು ಒಂದು ಕ್ಷಣ ತಡೆದಿದ್ದೆ. ಆ ಕ್ಷಣ ಅವಳ ಕಣ್ಣಿಗೆ ಬಿತ್ತು. ಬಸ್ ಹತ್ತಿದಳು.

ಸುಳ್ಳೆಂದು ಖಾತ್ರಿಯಾದ ಮೇಲೂ ನಾನು ತಡೆದದ್ದು ಯಾಕೆ?