ಮೈನರ್ ಅಂದರೆ ಅಳುವೇ?

ಚಪಾತಿ ಲಟ್ಟಿಸುತ್ತಿದ್ದ ನಮ್ಮ ಅಡುಗೆಯ ಕಮಲಾ, ನಾವು ಹಾಕಿದ್ದ ಪಿಯಾನೊ ರೆಕಾರ್ಡಿಂಗ್ ಕೇಳಿ ಅಡುಗೆಮನೆಯಿಂದಲೇ ನಕ್ಕುಬಿಟ್ಟಳು. “ಭಾಭೀ, ಇದ್ರಲ್ಲಿ ಅಳು ಎಲ್ಲಿದೆ? ಇಬ್ಬರು ಅಕ್ಕತಂಗಿ ಜಡೆ ಎಳೆದುಕೊಂಡು ಓಡ್ತಿದಾರೆ!” ಎಂದಳು ತನ್ನ ಹಿಂದಿಯಲ್ಲಿ.

ಅದು ಮಗಳ ಪಿಯಾನೊ ಕ್ಲಾಸಿನ ಹೋಂವರ್ಕ್. ಇಬ್ಬರು ಒಂದೇ ಪಿಯಾನೊದಲ್ಲಿ ಕೂಡಿ ನುಡಿಸಿದ ಒಂದು ನಿಮಿಷದ ರೆಕಾರ್ಡಿಂಗ್ ಕೇಳಿ, ಅದರ ಟೆಂಪೊ ಅಂದರೆ ವೇಗ, ಮೇಜರೋ ಮೈನರೋ ಎಂಬ ಕೀ, ಮತ್ತೆ ಮೂಡ್ ಬರೆದು ಮಧ್ಯಾಹ್ನದೊಳಗೆ ಕಳುಹಿಸಬೇಕಿತ್ತು. ಹೋದ ವಾರ ತಪ್ಪು ಬರೆದಿದ್ದಕ್ಕೆ ಕ್ಲಾಸೆಲ್ಲ ನಕ್ಕಿತ್ತೆಂದು ಅವಳಿಗೆ ಈ ಸಲ ಪುಕಪುಕ. ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಹೇಳಿಕೊಟ್ಟಿದ್ದರು, ಮೇಜರ್ ಎಂದರೆ ಸಂತೋಷ, ಮೈನರ್ ಎಂದರೆ ದುಃಖ. ಇದು ಮೈನರ್ ಎಂದು ಕಿವಿಗೆ ಬಿದ್ದದ್ದೇ ತಡ, ‘ಮೂಡ್: ದುಃಖ’ ಎಂದು ಧೈರ್ಯವಾಗಿ ಬರೆಸಿದ್ದೆ.

ಮತ್ತೊಮ್ಮೆ ಹಾಕಿ ಕೇಳಿದೆವು. ಮೈನರ್ ಹೌದು, ಆದರೆ ಏನು ವೇಗ! ಮೇಲಿನ ಸ್ವರಗಳು ಓಡಿದರೆ ಕೆಳಗಿನವು ಬೆನ್ನಟ್ಟುತ್ತಿದ್ದವು.

“ಮಮ್ಮಾ, ದೀದಿ ಹೇಳಿದ್ದೇ ಸಹೀ ಹೈ!” ಎಂದು ಮಗಳು ‘ದುಃಖ’ ಅಳಿಸಿ ‘ತುಂಟತನ’ ಎಂದು ಬರೆದಳು. ಸಂಜೆ ಟೀಚರ್ ಅದೊಂದೇ ಉತ್ತರವನ್ನು ಇಡೀ ಕ್ಲಾಸಿಗೆ ಓದಿ ಹೇಳಿದರಂತೆ.

ಈಗ ಹೊಸ ರೆಕಾರ್ಡಿಂಗ್ ಬಂದರೆ ಮಗಳು ನನ್ನನ್ನು ದಾಟಿಕೊಂಡು ಸೀದಾ ಅಡುಗೆಮನೆಗೆ ಹೋಗುತ್ತಾಳೆ. ಕೀ ಯಾವುದೆಂದು ಹೇಳುವ ಕೆಲಸವೊಂದನ್ನು ಮಾತ್ರ ನನಗೆ ಬಿಟ್ಟುಕೊಟ್ಟಿದ್ದಾರೆ.