ನೀಲಿ ಬೆರಳುಗಳು

ರಾಯದುರ್ಗದ ಆಸ್ಪತ್ರೆಯ ನರ್ಸಮ್ಮ, ಹೆಸರು ಕೇಳುವ ಮೊದಲೇ ಬಂದವರ ಕೈ ಹಿಡಿದು ನೋಡುತ್ತಿದ್ದರು. "ಚರ್ಮ ಸುಳ್ಳು ಹೇಳಂಗಿಲ್ರಿ" ಎನ್ನುವುದು ಅವರ ಮಾತು.

ನಾನು ಜೀನ್ಸ್ ಪ್ಯಾಂಟು ಕತ್ತರಿಸಿ ಹೊಲಿಯುವವಳು. ಹೊಸ ಬಟ್ಟೆ ಬಂದ ದಿನ ನನ್ನ ಬೆರಳೆಲ್ಲ ನೀಲಿಗಟ್ಟಿದವು, ತೊಳೆದರೂ ಹೋಗಲಿಲ್ಲ. "ರಕ್ತ ಕೆಟ್ಟೈತಿ" ಎಂದು ಅತ್ತೆ ಅಳುತ್ತಲೇ ನನ್ನನ್ನು ನರ್ಸಮ್ಮನ ಬಳಿ ಕರೆದೊಯ್ದರು.

ನರ್ಸಮ್ಮ ನಾಲಿಗೆ ಚಾಚಲು ಹೇಳಿದರು. ಅದು ಬೆರಳಿನಂತೆ ನೀಲಿಯಾಗದೆ ಕೆಂಪಗೇ ಇತ್ತು. ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಕೈ ಒರೆಸತೊಡಗಿದರು. ಹತ್ತಿ ನೀಲಿಯಾಯಿತು, ನನ್ನ ಕಂದು ಬೆರಳುಗಳು ಒಂದೊಂದಾಗಿ ನನಗೆ ವಾಪಸು ಬಂದವು! ಕುಣಿಯುವಷ್ಟು ಖುಷಿ ನನಗೆ.

"ಈ ನೀಲಿ ಬಣ್ಣ ಪ್ಯಾಂಟಿಂದ್ರಿ, ನಿಮ್ದಲ್ಲ" ಎಂದರು ನರ್ಸಮ್ಮ.

ನಾನು ಹೆಬ್ಬೆರಳಿನ ಜಡ್ಡುಗಟ್ಟಿದ ಚರ್ಮ ತೋರಿಸಿ, "ಇದನ್ನೂ ಅಳಿಸ್ರಿ ಅಕ್ಕಾ" ಎಂದೆ.

"ಅದು ಬ್ಯಾಡ್ರಿ. ಕತ್ತರಿ ತಿಕ್ಕಿದಲ್ಲಿ ಚರ್ಮ ತಾನೇ ತೇಪೆ ಹಾಕ್ಕೊಂಡೈತಿ" ಎಂದು ಅವರು ಅದನ್ನು ಮೆಲ್ಲಗೆ ಸವರಿದರು. "ಚರ್ಮಾನೂ ನಿಮ್ಮಂಗ ಟೇಲರೇ ನೋಡ್ರಿ."