ಕೈಜಮ್ಮನ ಹೆದರಿಕೆ

ಶಿರಿಯದ ಅಂಗನವಾಡಿಯ ಆಯಾ ಕೈಜಮ್ಮ ಹುಟ್ಟು ಪುಕ್ಕಲಿ. ಗುಡುಗಿದರೆ ಕಿವಿ ಮುಚ್ಚಿಕೊಳ್ಳುವವಳು, ನಾಯಿ ಕಂಡರೆ ದಾರಿ ಬದಲಿಸುವವಳು, ಖಾಕಿ ತೊಟ್ಟವನು ಪೋಸ್ಟ್‌ಮ್ಯಾನ್ ಆದರೂ ಬಾಗಿಲ ಹಿಂದೆ ನಿಲ್ಲುವವಳು. ಗಂಡ ಖಾಲಿದ್ ಬದುಕಿದ್ದಾಗ, "ನಿನ್ನ ಹೆದರಿಕೆಯನ್ನು ತೂಕ ಮಾಡಿ ಮಾರ್ಲಿಕ್ಕೆ ಆಗ್ತಿದ್ರೆ ನಾನು ಗಲ್ಫಿಗೆ ಹೋಗ್ಬೇಕು ಅಂತ ಇರ್ಲಿಲ್ಲ" ಎಂದು ನಗುತ್ತಿದ್ದ. ಊರೂ ನಗುತ್ತಿತ್ತು. ಹಾಗಾಗಿ ಅವಳು ಅಂಗನವಾಡಿಯ ತಾರಸಿಗೆ ಹೆದರತೊಡಗಿದಾಗ ಮೊದಲಿಗೆ ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಆದರೆ ಈ ಹೆದರಿಕೆಗೆ ಕಾರಣವಿತ್ತು. 2014ರ ಮಳೆಗಾಲದ ಒಂದು ಬೆಳಿಗ್ಗೆ ಅವಳು ಮಕ್ಕಳಿಗೆ ಚಾಪೆ ಹಾಸಿ, ಗಂಜಿಗೆ ನೀರಿಡಲು ಹೋಗಿದ್ದಳು. ಹಿಂದೆ ದಡಾರನೆ ಸದ್ದಾಯಿತು. ಬಂದು ನೋಡಿದರೆ ತೆಂಗಿನಕಾಯಿ ಗಾತ್ರದ ಸಿಮೆಂಟಿನ ತುಂಡು ಕೋಣೆಯ ನಡುವಿನ ಚಾಪೆಯ ಮೇಲೆ ಬಿದ್ದಿತ್ತು. ಮೇಲೆ, ಉಪ್ಪುಗಾಳಿಗೆ ತುಕ್ಕು ಹಿಡಿದ ಕಬ್ಬಿಣದ ಸರಳು ಕಾಣುತ್ತಿತ್ತು. ಅದು ಅವಳ ಮೊಮ್ಮಗಳು ರಂಶೀನಾ ದಿನಾ ಕೂರುವ ಜಾಗ. ಮಕ್ಕಳು ಇನ್ನೂ ಬಂದಿರಲಿಲ್ಲ, ದೇವರು ದೊಡ್ಡವನು. ಅಂದಿನಿಂದ ಕೈಜಮ್ಮ ಮಕ್ಕಳನ್ನೆಲ್ಲ ಗೋಡೆಗೆ ಒರಗಿಸಿಯೇ ಕೂರಿಸಿದಳು. "ನಡುವಿಗೆ ಹೋದ್ರೆ ನೋಡಿ ಮತ್ತೆ" ಎಂದು ಕಣ್ಣು ಬಿಡುತ್ತಿದ್ದಳು. ಗಂಜಿ ಬಡಿಸುವಾಗಲೂ ಅವಳ ಕಣ್ಣು ಮೇಲೆಯೇ.

ಬಿದ್ದ ತುಂಡು ಕಂಡು ಅಂಗನವಾಡಿಯ ದಮಯಂತಿ ಟೀಚರ್ ಪಟ್ಟುಹಿಡಿದ ಮೇಲೆ ಊರವರು ದುರಸ್ತಿ ಸಮಿತಿ ಮಾಡಿದರು. ಗ್ಲ್ಯಾಡ್‌ಸನ್ ಅಧ್ಯಕ್ಷ. ಪಂಚಾಯತಿಗೆ ಓಡಾಡಿ ಓಡಾಡಿ, ಅಂತೂ ಓವರ್ಸಿಯರ್ ಕಟ್ಟಡ ನೋಡಲು ಬರುವ ದಿನ ಗೊತ್ತಾಯಿತು. ಅಪಾಯವಿದೆ ಎಂದು ಅವರು ಬರೆದರೆ ಮಾತ್ರ ರಿಪೇರಿ. ಇಷ್ಟೆಲ್ಲ ತಿಳಿದೂ ಈ ಬುದ್ಧಿವಂತರು ಮಾಡಿದ್ದೇನು? ದೊಡ್ಡವರು ಬರುವಾಗ ಊರಿನ ಮರ್ಯಾದೆ ಹೋಗಬಾರದೆಂದು ಭಾನುವಾರ ಶ್ರಮದಾನ ಮಾಡಿ, ಸರಳು ಕಾಣುತ್ತಿದ್ದ ಕಡೆಗೂ ಬಿರುಕಿಗೂ ಸಿಮೆಂಟು ಮೆತ್ತಿ, ಸುಣ್ಣ ಬಳಿದು, ಬಣ್ಣದ ಕಾಗದ ಕಟ್ಟಿ, ಕಟ್ಟಡವನ್ನು ಮದುಮಗಳ ಹಾಗೆ ಮಾಡಿಬಿಟ್ಟರು!

"ಈಗ ಬಿರುಕು ಕಾಣುದೇ ಇಲ್ಲವಲ್ಲ" ಎಂದು ಕೈಜಮ್ಮ ತೊದಲಿದಳು.

"ನೀವು ಸುಮ್ಮನೆ ಹೆದರುದು ಎಂತಕ್ಕೆ? ನಾನು ಬಾಯಲ್ಲಿ ಹೇಳ್ತೇನಲ್ಲ" ಅಂದ ಗ್ಲ್ಯಾಡ್‌ಸನ್.

ಓವರ್ಸಿಯರ್ ಬಂದರು. ಗ್ಲ್ಯಾಡ್‌ಸನ್ ಹೇಳಿದ್ದನ್ನೆಲ್ಲ ಕೇಳಿ, "ಎಲ್ಲ ಕಡೆಯೂ ಹೀಗೇ ಹೇಳುದು. ಚಂದ ಉಂಟಲ್ಲ ಮಾರಾಯ್ರೆ, ಎಂತ ಅಪಾಯ?" ಎಂದು ನಕ್ಕರು. ಕೋಣೆಯ ನಡುವೆ ನಿಂತು, ಜೇಬಿನಿಂದ ಮಿಠಾಯಿ ತೆಗೆದು ಮಕ್ಕಳನ್ನು ಕರೆದರು.

ಒಂದು ಮಗುವೂ ಏಳಲಿಲ್ಲ. ಗೋಡೆಗೆ ಅಂಟಿಕೊಂಡೇ ಮಕ್ಕಳೆಲ್ಲ ಕೈಜಮ್ಮನ ಮುಖ ನೋಡಿದರು.

"ಕಳಿಸಿ ಕೈಜಮ್ಮ, ಸಾರ್ ಕರೆಯುದಲ್ವಾ?" ಗ್ಲ್ಯಾಡ್‌ಸನ್ ಅವಸರಪಡಿಸಿದ.

ಎದುರಿಗೆ ಆಫೀಸರು, ತಲೆಯ ಮೇಲೆ ತಾರಸಿ. ಯಾವುದಕ್ಕೆ ಹೆಚ್ಚು ಹೆದರಬೇಕೆಂದೇ ಕೈಜಮ್ಮನಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಮಿಠಾಯಿಯ ಆಸೆಗೆ ರಂಶೀನಾ ಎದ್ದು ನಡುವಿಗೆ ಹೆಜ್ಜೆ ಇಟ್ಟಳು.

"ಬೇಡ!"

ಕೈಜಮ್ಮ ಚೀರಿದ ಸದ್ದಿಗೆ ಎಲ್ಲರೂ ಬೆಚ್ಚಿಬಿದ್ದರು. ಓಡಿಹೋಗಿ ಮಗುವನ್ನು ಎಳೆದುಕೊಂಡು, ಗೋಡೆಗೆ ಒತ್ತಿ ನಿಂತಳು. "ಅಲ್ಲಿ ಬೀಳ್ತದೆ ಸಾರ್. ನೀವೂ ಅಲ್ಲಿ ನಿಲ್ಬೇಡಿ."

ಈ ಸಲ ಯಾರೂ ನಗಲಿಲ್ಲ. ಓವರ್ಸಿಯರ್ ತಲೆಯೆತ್ತಿ ಹೊಸ ಸುಣ್ಣವನ್ನು ನೋಡಿದರು. ಮತ್ತೆ ಸುತ್ತಲೂ ಗೋಡೆಗಂಟಿ ಕೂತ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಅವರ ಮುಖದಲ್ಲಿದ್ದ ನಗು ಆರಿಹೋಯಿತು. ದನಿ ತಗ್ಗಿಸಿ, ತಾಯಿಯನ್ನು ಕರೆದ ಹಾಗೆ ಕೇಳಿದರು:

"ಉಮ್ಮಾ, ನಾನು ಎಲ್ಲಿ ನಿಲ್ಲುದು?"